ಅಪ್ಪನ ಮೂಗು

ರಿಯೋಹಾ ಸೀಮೆಯ ಆರೊ ಪಟ್ಟಣದಲ್ಲಿ, ರೈಲು ಹಳಿಯ ಹಿಂದೆ,
ಅವನು ನಲವತ್ತು ವರ್ಷ ದುಡಿದ ನೆಲಮಾಳಿಗೆಗೆ
ಅಪ್ಪನನ್ನು ತೋಳು ಹಿಡಿದು ಇಳಿಸಿದೆ.
ನಲವತ್ತೊಂದು ಮೆಟ್ಟಿಲು, ಅಂದ.
ಮೂವತ್ತೊಂಬತ್ತು, ಅಂದೆ. ಬೈಸಿಕೊಂಡೆ.

ಹೋದ ವರ್ಷದ ಜ್ವರ ಬಂದು
ಅವನ ಮೂಗಿನ ವಾಸನೆಯನ್ನೆಲ್ಲ ಗುಡಿಸಿ ಒಯ್ದಿತು.
ಬೆಳ್ಳುಳ್ಳಿ ಸೀದರೂ ತಿಳಿಯದು,
ಗ್ಯಾಸು ಸೋರಿದರೂ ತಿಳಿಯದು.
ಕೋಪ ಮಾತ್ರ ಇನ್ನೂ ಅದರ ತುದಿಯಲ್ಲೇ ಇದೆ.

ಗೋಡೆ ತುಂಬ ಕರಿಯ ಬೂಷ್ಟು,
ಕೈಯಿಟ್ಟರೆ ಮಲಗಿದ ಕರಡಿಯ ಮೈ.
ಜೇಡರ ಬಲೆಯನ್ನು ಇಲ್ಲಿ ಯಾರೂ ಗುಡಿಸುವುದಿಲ್ಲ,
ಬಿರಡೆ ಕೊರೆವ ಹುಳು ಹಿಡಿವ ಜೇಡ
ಸಂಬಳವಿಲ್ಲದ ಆಳು.

ಆರು ತಿಂಗಳಿಗೊಮ್ಮೆ ಪೀಪಾಯಿಯಿಂದ ಪೀಪಾಯಿಗೆ
ವೈನು ಬದಲಿಸುವುದು ಅಪ್ಪನ ಕೆಲಸ.
ಮೋಟಾರಿಲ್ಲ. ತನ್ನ ಭಾರಕ್ಕೆ ತಾನೇ ಇಳಿಯಬೇಕು.
ಮೇಣದ ಬತ್ತಿಯ ಮುಂದೆ ಗಾಜು ಹಿಡಿದು ಕೂತು
ಕೊನೆಯಲ್ಲಿ ಒಂದೆಳೆ ಮಸುಕು ಕಂಡಿತೋ,
ನಿಲ್ಲಿಸು. ಮಡ್ಡಿ ಅಲ್ಲೇ ಇರಲಿ.

ಇವತ್ತು ತೆಗೆದದ್ದು ಎಪ್ಪತ್ತೆರಡರ ಬಾಟಲಿ.
ಅಕ್ಟೋಬರಿಡೀ ಮಳೆ ಹೊಡೆದ ವರ್ಷ,
ಗೊಂಚಲು ಬಳ್ಳಿಯಲ್ಲೇ ಕೊಳೆತ ವರ್ಷ.
ವಿನಿಗರ್ ಮಾಡಿ ಎಂದಿದ್ದರು ದಣಿ.
ನೋಡೋಣ ಇರಲಿ ಎಂದವನು ಇವನು, ನೆಮೆಸಿಯೊ,
ಆಗ ಮೂವತ್ತೈದರ ಮೊಂಡ.

ಬಿರಡೆ ಪುಡಿಯಾಗಿತ್ತು. ಹೊಸ ಹುಡುಗಿ ಒಯಾನಾ
ಇಕ್ಕುಳ ಕೆಂಪಗೆ ಕಾಯಿಸಿ
ಬಾಟಲಿಯ ಕತ್ತು ಹಿಡಿದಳು,
ಒದ್ದೆ ಬಟ್ಟೆ ಸೋಕಿಸಿದಳು. ಟಿಕ್.
ಸರಿಯಾಗಿ ಮುರಿಯಿತು, ಅಂದ ಅಪ್ಪ, ಕಣ್ಣು ಮುಚ್ಚಿಕೊಂಡೇ.

ಕೆಂಪು ನಡುವಿಗೆ ಸರಿದು
ಅಂಚಿನಲ್ಲಿ ಹಳೆ ಹೆಂಚಿನ ಬಣ್ಣ.
ಮೂಸಿ ಹೇಳು, ಅಂದ.

ಒಣಗಿದ ಚೆರ್ರಿ.
ಅದು ಎಲ್ಲರಿಗೂ ಬರುತ್ತೆ. ಮುಂದೆ.
ಹೊಗೆಸೊಪ್ಪು.
ಯಾರ ಜೇಬಿನದು?
ಗೊತ್ತಿಲ್ಲ ಅಪ್ಪಾ. ಚಕ್ಕಳ.
ಹೊಸ ಚಪ್ಪಲಿಯೋ, ಕುದುರೆಯ ಜೀನೋ?
ಜೀನು. ಬೆವರಿದ್ದು.
ಹ್ಞಾ. ಕೊಬ್ಬರಿ ಇರಬೇಕು.
ಇದೆ, ದೂರದಲ್ಲಿ.
ಅದು ಅಮೆರಿಕದ ಓಕ್ ಮರದ ಮಾತು,
ತಾಳು, ತಾನೇ ಸುಮ್ಮನಾಗುತ್ತೆ.
ಹುಳಿ ಸ್ವಲ್ಪ ಚುಚ್ಚುತ್ತಿದೆ.
ಚುಚ್ಚದೆ? ಎಷ್ಟು ಮಳೆ ಬಿದ್ದಿತ್ತು!

ಮೊಟ್ಟೆ ಹೇಳಲಿಲ್ಲ ನೀನು.

ನನಗಾಗ ಏಳು.
ವೈನು ತಿಳಿಯಾಗಲೆಂದು ಪೀಪಾಯಿಗೆ ನಾಲ್ಕರಂತೆ
ಮುನ್ನೂರು ಮೊಟ್ಟೆ ಒಡೆದಿದ್ದರು.
ಬಿಳಿಯೆಲ್ಲ ಪೀಪಾಯಿಗೆ,
ಹಳದಿ ಬಕೆಟ್ಟಿನಲ್ಲಿ ನಮ್ಮ ಮನೆಗೆ, ತಡವಾದ ಸಂಬಳದ ಬದಲು.
ಹಳದಿಯ ಸೂಪು, ಹಳದಿಯಲ್ಲದ್ದಿದ ಬ್ರೆಡ್ಡು,
ಸಕ್ಕರೆ ಸಿಕ್ಕ ದಿನ ಹಳದಿಯ ಮಿಠಾಯಿ.
ತಂಗಿ ವಿಸಿಟಾ ಕಿಟಕಿಯಲ್ಲಿ ಸೂರ್ಯ ಹುಟ್ಟಿದರೂ
ಬಾಯಿ ಮುಚ್ಚಿಕೊಂಡು ಅಂಗಳಕ್ಕೋಡುತ್ತಿದ್ದಳು.

ಐವತ್ತು ವರ್ಷದ ಮೇಲೆ ಮೊಟ್ಟೆಯ ವಾಸನೆ ಉಳಿಯುತ್ತದೆಯೆ ಅಪ್ಪಾ?
ಬಿಳಿಯದ್ದು ಉಳಿಯಲ್ಲ, ಅಂದ.
ಹಳದಿ ತಿಂದವರು ನಾವಲ್ಲವೆ.

ಆಮೇಲೆ ಅವನು ಕುಡಿದ.
ಮೂಗಿಲ್ಲದ ನಾಲಿಗೆಗೆ ಉಳಿದಿರುವುದು ಎರಡೇ,
ಹುಳಿ ಮತ್ತು ಒಗರು.
ಒಂದು ಗುಟುಕನ್ನು ಕೆನ್ನೆಯಿಂದ ಕೆನ್ನೆಗೆ ಸಾಗಿಸಿ
ಬಹಳ ಹೊತ್ತು ಸುಮ್ಮನಿದ್ದ.
ಒಗರು ಇದೆ, ಅಂದ. ಕಚ್ಚೋದಿಲ್ಲ.
ಮುದಿ ನಾಯಿ ಕೈಯನ್ನು ಬಾಯಲ್ಲಿ ಹಿಡಿದುಕೊಳ್ಳುತ್ತಲ್ಲ, ಹಾಗೆ.

ಒಳ್ಳೇ ವೈನೋ?
ಅಲ್ಲ. ಅವತ್ತೂ ಅಲ್ಲ.
ಗ್ಲಾಸು ಮುಂದೆ ಚಾಚಿದ.

ಒಯಾನಾ ಬತ್ತಿಯ ಮೇಲೆ ಬಾಟಲಿ ಬಾಗಿಸಿದಳು.
ನಿಲ್ಲಿಸು, ಎಂದ ಅಪ್ಪ.
ಅವಳಿಗೆ ಏನೂ ಕಾಣಲಿಲ್ಲ, ನನಗೂ.
ಬಗ್ಗಿ ನೋಡಿದರೆ, ಕತ್ತಿನ ತಿರುವಿನಲ್ಲಿ
ಹೊಗೆಯಂಥ ಒಂದು ಎಳೆ
ಈಗಷ್ಟೇ ಹೊರಟಿತ್ತು.

ಮೇಲೆ ಹತ್ತುವಾಗ ಒಂದೊಂದೇ ಎಣಿಸಿದೆ.
ಮೂವತ್ತೊಂಬತ್ತೇ.
ಹೇಳಲಿಲ್ಲ.